ಕಹಿ ಸತ್ಯ ಒಪ್ಪಿಕೊಳ್ಳುವುದು, ದೇವರ ಕಡೆ ತಿರುಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೂಡಿಗೆರೆ ಕಡೆಯ ಒಂದು ಸಣ್ಣ ಚರ್ಚಿನಲ್ಲಿ ಉಪದೇಶಿ, ಅಂದರೆ ಧರ್ಮಪಾಠ ಹೇಳಿಕೊಡುವವನು. ಅದಕ್ಕೂ ಮೊದಲು ಬಹಳ ವರ್ಷ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದೆ. ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನ, ಬಂತೆಂದರೆ ಜನ ನನ್ನನ್ನು ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಕೆಲವರು ಬಲಿಪೂಜೆ (ಮಾಸ್) ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ, ಕೆಲವರು ಬಸ್ ಸ್ಟ್ಯಾಂಡಿನಲ್ಲಿ, ಇನ್ನು ಕೆಲವರು ರಾತ್ರಿ ಫೋನ್ ಮಾಡಿ. ಜಾಸ್ತಿ ಬರುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ನಾನು ಕಥೋಲಿಕ. ಆದ್ದರಿಂದ ಮಾತು ಆ ಕಡೆಯಿಂದಲೇ ಬರುತ್ತದೆ. ಬೇರೆ ಸಭೆಯವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ ಎಂದುಕೊಂಡಿದ್ದೇನೆ.

ಪಶ್ಚಾತ್ತಾಪ ಅಂದರೆ ಅಳುವುದಾ?

ಅಳು ಬರಬಹುದು, ಬರದೆಯೂ ಇರಬಹುದು. ಅದು ಮುಖ್ಯ ಅಲ್ಲ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಇದಕ್ಕಿರುವ ಮಾತು 'ಶೂಬ್'. ಹಿಂತಿರುಗು ಎಂದರ್ಥ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ 'ಮೆತಾನೊಯಾ', ಅಂದರೆ ಮನಸ್ಸು ಬದಲಾಗುವುದು. ನಮ್ಮ ಕನ್ನಡ ಬೈಬಲ್ಲಿನ ಹಳೆಯ ಅನುವಾದದಲ್ಲಿ 'ದೇವರ ಕಡೆಗೆ ತಿರುಗಿಕೊಳ್ಳಿರಿ' ಎಂದಿದೆ. ನನಗೆ ಇದು ತುಂಬಾ ಇಷ್ಟ. ತಿರುಗುವುದು ಕಾಲಿನ ಕೆಲಸ, ಕಣ್ಣಿನದಲ್ಲ.

ಮಕ್ಕಳಿಗೆ ನಾನು ಹೀಗೆ ಹೇಳುತ್ತೇನೆ. ನೀನು ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಹೋಗಬೇಕು. ಬೋರ್ಡ್ ನೋಡದೆ ಕಡೂರಿನ ಬಸ್ಸು ಹತ್ತಿ ಕೂತಿದ್ದೀಯ. ಕಂಡಕ್ಟರ್ ಬಂದು 'ಇದು ಕಡೂರಿಗೆ ಹೋಗತ್ತಪ್ಪಾ' ಅನ್ನುತ್ತಾನೆ. ಆಗ ಸೀಟಿನಲ್ಲೇ ಕೂತು ಅತ್ತರೆ ಬಸ್ಸು ಕಡೂರಿಗೇ ಹೋಗುತ್ತದೆ. ಕಂಡಕ್ಟರ್ ಜೊತೆ ಜಗಳ ಆಡಿದರೂ ಕಡೂರಿಗೇ ಹೋಗುತ್ತದೆ. ಇಳಿಯಬೇಕು. ಇಳಿದು ಎದುರು ಬದಿಯಲ್ಲಿ ನಿಲ್ಲಬೇಕು.

ಕಂಡಕ್ಟರ್ ಹೇಳಿದ ಆ ಮಾತೇ ಕಹಿ ಸತ್ಯ. ಅದನ್ನು ನಂಬದೆ ಯಾರೂ ಬಸ್ಸು ಇಳಿಯುವುದಿಲ್ಲ.

ನಾನು ಪಾಪಿ ಅಂತ ದಿನಾ ಪ್ರಾರ್ಥನೆಯಲ್ಲಿ ಹೇಳುತ್ತೇನಲ್ಲ, ಅದು ಸಾಲದಾ?

'ನಾವೆಲ್ಲಾ ಪಾಪಿಗಳು' ಅನ್ನುವುದು ಸುಲಭ. ಎಲ್ಲರ ಜೊತೆ ನಿಂತು ಹೇಳುವ ಮಾತು ಅದು. ಅದರಿಂದ ಯಾರಿಗೂ ಮೈ ಉರಿಯುವುದಿಲ್ಲ. 'ನೀನು ನಿನ್ನ ತಮ್ಮನ ಪಾಲಿನ ಗದ್ದೆಯನ್ನು ಇನ್ನೂ ಅವನ ಹೆಸರಿಗೆ ಮಾಡಿಕೊಟ್ಟಿಲ್ಲ' ಎಂದು ಯಾರಾದರೂ ಹೇಳಲಿ, ಆಗ ನೋಡಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂದು ಹಿರಿಯರು ಸುಮ್ನೆ ಹೇಳಲಿಲ್ಲ.

ಯೇಸುಸ್ವಾಮಿಯ ಕಾಲದಲ್ಲೂ ಇದೇ ಆಯಿತು. ಅವರ ಮಾತು ಕೇಳಿ ಶಿಷ್ಯರೇ 'ಇದು ಕಠಿಣವಾದ ಮಾತು, ಯಾರು ಕೇಳಿಯಾರು' ಅಂದರು. ಅವತ್ತು ಬಹಳ ಜನ ಬಿಟ್ಟು ಹೋದರು. ಯೊವಾನ್ನರ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಇದೆ. ಹೋದವರನ್ನು ಕರೆತರಲು ಯೇಸು ಮಾತನ್ನು ಮೆತ್ತಗೆ ಮಾಡಲಿಲ್ಲ. ಉಳಿದ ಹನ್ನೆರಡು ಜನರನ್ನು ನೋಡಿ 'ನೀವೂ ಹೋಗಬೇಕೆಂದಿದ್ದೀರಾ' ಎಂದು ಕೇಳಿದರು, ಅಷ್ಟೇ.

ಕಹಿ ಸತ್ಯಕ್ಕೆ ಒಂದು ಹೆಸರಿರುತ್ತದೆ, ಒಂದು ದಿನಾಂಕ ಇರುತ್ತದೆ. ಎಷ್ಟೋ ಸಲ ಒಂದು ಮೊತ್ತವೂ ಇರುತ್ತದೆ.

ಯಾರಾದರೂ ನಮ್ಮ ತಪ್ಪು ತೋರಿಸಿದರೆ ಇಷ್ಟು ಸಿಟ್ಟು ಯಾಕೆ ಬರುತ್ತದೆ?

ಇದಕ್ಕೆ ನನ್ನ ಕಥೆಯನ್ನೇ ಹೇಳಬೇಕು.

ಕೊಯ್ಲಿನ ದಿನಗಳಲ್ಲಿ ಸಂಜೆ ಹಣ್ಣು ತೂಗುವುದು ರೈಟರ್ ಕೆಲಸ. ಆಳುಗಳು ಗೋಣಿಚೀಲ ಹೊತ್ತು ಸಾಲಾಗಿ ಬರುತ್ತಾರೆ. ಕೈಯೆಲ್ಲಾ ಹಣ್ಣಿನ ಅಂಟು, ಸೊಂಟಕ್ಕೆ ಕಟ್ಟಿದ ಪ್ಲಾಸ್ಟಿಕ್ ಹಾಳೆ. ಚೀಲ ತಕ್ಕಡಿಗೆ ನೇತು ಹಾಕಿದಾಗ ಮುಳ್ಳು ಒಂದು ಗಳಿಗೆ ನಡುಗುತ್ತದೆ. ಅದು ನಿಲ್ಲುವ ಮೊದಲೇ ನಾನು ತೂಕ ಕೂಗಿಬಿಡುತ್ತಿದ್ದೆ. 43 ಇದ್ದರೆ 41. ಚೀಲದ ತೂಕ ಕಳೆದೆ ಅನ್ನುತ್ತಿದ್ದೆ. ಖಾಲಿ ಚೀಲ ಒಂದು ಕಿಲೋ ಕೂಡ ಇರುವುದಿಲ್ಲ. ಹಾಗೆ ಉಳಿಸಿದ ಕಿಲೋಗಳನ್ನು ಪುಸ್ತಕದಲ್ಲಿ ಇಲ್ಲದ ಒಂದು ಆಳಿನ ಹೆಸರಿಗೆ ಬರೆಯುತ್ತಿದ್ದೆ. ವಾರದ ಬಟವಾಡೆಯ ದಿನ ಆ ಹೆಸರಿನ ಕೂಲಿ ನನ್ನ ಜೇಬಿಗೆ ಬರುತ್ತಿತ್ತು. ಮೂರು ಕೊಯ್ಲು ಹೀಗೆ ಮಾಡಿದೆ.

ಒಂದು ಸಂಜೆ ಒಬ್ಬ ವಯಸ್ಸಾದ ಹೆಂಗಸು ಮುಳ್ಳನ್ನೇ ನೋಡುತ್ತಾ ನಿಂತಳು. ನಾನು ಕೂಗಿದ ತೂಕ ಕೇಳಿದಳು. ಜಗಳ ಮಾಡಲಿಲ್ಲ. ಮೆಲ್ಲಗೆ ಹೇಳಿದಳು: 'ರೈಟ್ರೇ, ನೀವು ಚರ್ಚಲ್ಲಿ ಬೈಬಲ್ ಓದೋರು. ಬರ್ಕೊಳ್ಳಿ, ಪರವಾಗಿಲ್ಲ.'

ನನಗೆ ತಲೆ ಕೆಟ್ಟುಹೋಯಿತು. ಎಲ್ಲರ ಮುಂದೆ ಅವಳನ್ನು ಬೈದೆ. ಮಾರನೇ ದಿನ ಹಣ್ಣು ಕಡಿಮೆ ಇರುವ ಸಾಲಿಗೆ ಅವಳನ್ನು ಹಾಕಿದೆ. ಅವಳು ಸುಳ್ಳು ಹೇಳಿದ್ದರೆ ನನಗೆ ನಗು ಬರುತ್ತಿತ್ತು. ಸಿಟ್ಟು ಬಂದದ್ದು ಅವಳು ಹೇಳಿದ್ದು ನಿಜ ಎಂಬ ಕಾರಣಕ್ಕೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಹೆಗಲು ಮುಟ್ಟಿಕೊಂಡೆ, ಬೈಗುಳದ ಮೂಲಕ.

ಇದು ಮನುಷ್ಯರ ಹಳೆಯ ಚಾಳಿ. ಏದೆನ್ ತೋಟದಲ್ಲಿ ದೇವರು ಕೇಳಿದ್ದು ಆದಾಮನನ್ನು. ಅವನು ಬೆರಳು ತೋರಿಸಿದ್ದು ಹೆಂಡತಿಯ ಕಡೆ. ಅಷ್ಟೇ ಅಲ್ಲ, 'ನೀನು ಕೊಟ್ಟ ಹೆಂಗಸು' ಎಂದು ದೇವರ ಮೇಲೂ ಒಂದು ಪಾಲು ಹಾಕಿದ. ಅವಳು ಹಾವಿನ ಕಡೆ ತೋರಿಸಿದಳು.

ಒಪ್ಪಿಕೊಂಡಿದ್ದೇನೆ ಅಂತ ಹೇಗೆ ಗೊತ್ತಾಗುತ್ತದೆ?

'ಆದರೆ' ಎಂಬ ಮಾತು ಬಿದ್ದುಹೋಗಿದೆಯಾ ಎಂದು ನೋಡಿ. ನನಗೆ ಗೊತ್ತಿರುವ ಪರೀಕ್ಷೆ ಇದೊಂದೇ.

ಬೈಬಲ್ಲಿನಲ್ಲಿ ಇಬ್ಬರು ಅರಸರು ಇದ್ದಾರೆ, ಸೌಲ ಮತ್ತು ದಾವೀದ. ಇಬ್ಬರೂ ತಪ್ಪು ಮಾಡಿದರು. ಇಬ್ಬರ ಬಳಿಗೂ ಪ್ರವಾದಿಗಳು ಬಂದು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಇಬ್ಬರೂ 'ಪಾಪ ಮಾಡಿದ್ದೇನೆ' ಅಂದರು. ಸೌಲ ಅಲ್ಲಿಗೆ ನಿಲ್ಲಿಸಲಿಲ್ಲ. ಜನರಿಗೆ ಹೆದರಿದೆ ಅಂದ. ದೇವರು ಬೇಡವೆಂದಿದ್ದರೂ ತಂದ ಕೊಳ್ಳೆಯ ಕುರಿ ದೇವರಿಗೆ ಬಲಿ ಕೊಡಲು ಅಂದ. ಕೊನೆಗೆ, ಪಾಪ ಮಾಡಿದ್ದೇನೆ, ಆದರೂ ಹಿರಿಯರ ಮುಂದೆ ನನ್ನ ಮಾನ ಉಳಿಸು ಎಂದು ಪ್ರವಾದಿ ಸಮುವೇಲನನ್ನು ಬೇಡಿದ. ಅವನಿಗೆ ನೋವಾದದ್ದು ತಪ್ಪಿಗಲ್ಲ, ಮರ್ಯಾದೆ ಹೋಗುತ್ತದಲ್ಲ ಎಂಬುದಕ್ಕೆ.

ದಾವೀದನ ತಪ್ಪು ಅದಕ್ಕಿಂತ ದೊಡ್ಡದು. ತನ್ನ ಸೈನಿಕ ಊರೀಯನ ಹೆಂಡತಿ ಬತ್ಷೆಬೆಯನ್ನು ತೆಗೆದುಕೊಂಡ, ಊರೀಯನನ್ನು ಯುದ್ಧದಲ್ಲಿ ಸಾಯುವ ಹಾಗೆ ಮಾಡಿದ. ಮಗು ಹುಟ್ಟುವವರೆಗೂ ಏನೂ ಆಗಿಲ್ಲ ಎಂಬಂತೆ ಇದ್ದ. ಪ್ರವಾದಿ ನಾತಾನ ಬಂದು 'ಆ ಮನುಷ್ಯ ನೀನೇ' ಎಂದಾಗ ದಾವೀದನ ಉತ್ತರ ಒಂದೇ ಸಾಲು: ದೇವರಿಗೆ ವಿರುದ್ಧವಾಗಿ ಪಾಪ ಮಾಡಿದ್ದೇನೆ. ಅಲ್ಲಿಗೆ ಮುಗಿಯಿತು. ಬತ್ಷೆಬೆಯ ಹೆಸರಿಲ್ಲ, ಸೇನಾಪತಿಯ ಹೆಸರಿಲ್ಲ.

ನನ್ನ 'ಆದರೆ'ಗಳು ಯಾವುವು ಎಂದು ಈಗಲೂ ನೆನಪಿದೆ. ತೂಕ ಕಡಿಮೆ ಬರೆದೆ, ಆದರೆ ನನ್ನ ಸಂಬಳ ಕಮ್ಮಿ. ಆದರೆ ಮಗಳ ಫೀಸು ಕಟ್ಟಬೇಕಿತ್ತು. ಆದರೆ ಎಲ್ಲಾ ತೋಟದಲ್ಲೂ ಹೀಗೇ ನಡೆಯುತ್ತೆ. ಒಂದೊಂದೂ ನಿಜವೇ ಇರಬಹುದು. ಆದರೂ ಅವು ನನ್ನ ತಪ್ಪಿನ ಮೇಲೆ ಹೊದಿಸಿದ ಕಂಬಳಿಗಳು.

ಒಳಗೆ ಏನಾಗಿದೆ ಎಂಬುದು ನಮಗೇ ಗೊತ್ತಾಗದಿದ್ದರೆ?

ತೋಟದವರಿಗೆ ಬೋರರ್ ಎಂದರೆ ಬೇಗ ಅರ್ಥವಾಗುತ್ತದೆ. ಅರೇಬಿಕಾ ಗಿಡದ ಕಾಂಡವನ್ನು ಒಳಗಿನಿಂದ ಕೊರೆಯುವ ಹುಳು. ಹೊರಗೆ ಗಿಡ ಹಸಿರಾಗೇ ಇರುತ್ತದೆ, ಕಾಯಿಯೂ ಇರುತ್ತದೆ. ಕಾಂಡದ ತೊಗಟೆಯ ಮೇಲೆ ಬಳೆಯಂತೆ ಉಬ್ಬಿದ ಗೆರೆ ಕಾಣುತ್ತದೆ, ಎಲೆ ಸ್ವಲ್ಪ ಹಳದಿ ಆಗಿರುತ್ತದೆ. ಗೊತ್ತಿದ್ದವರ ಕಣ್ಣಿಗೆ ಮಾತ್ರ ಬೀಳುತ್ತದೆ. ಅದಕ್ಕೇ ಬೋರರ್ ಟ್ರೇಸಿಂಗ್ ಎಂದು ಒಂದೊಂದು ಗಿಡವನ್ನೂ ನಿಂತು ನೋಡುವ ಕೆಲಸ ಇರುವುದು. ಸಿಕ್ಕಿದರೆ ಆ ಗಿಡ ಕಿತ್ತು ಸುಡಬೇಕು. ಒಂದನ್ನು ಉಳಿಸಿಕೊಂಡರೆ ಅದರಿಂದ ಹುಳು ಹಾರಿ ಪಕ್ಕದ ಹತ್ತು ಗಿಡಕ್ಕೆ ಹೋಗುತ್ತದೆ.

ಕಾಯಿ ಹಿಡಿದ ಗಿಡ ಕೀಳಲು ಯಾರಿಗೂ ಮನಸ್ಸು ಬರುವುದಿಲ್ಲ. 'ಈ ವರ್ಷದ ಹಣ್ಣು ಕೊಯ್ದುಕೊಂಡು ಆಮೇಲೆ ನೋಡೋಣ' ಅನ್ನುತ್ತೇವೆ. ಪಾಪದ ವಿಷಯದಲ್ಲೂ ನಾವು ಹೇಳುವುದು ಇದನ್ನೇ ಅಲ್ವಾ? ಅದರಿಂದ ಇನ್ನೂ ಸ್ವಲ್ಪ ಲಾಭ ಇದೆ.

ಆತ್ಮಶೋಧನೆ ಎಂದರೆ ಈ ಟ್ರೇಸಿಂಗ್. ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಸಾಕು. ಇವತ್ತು ಯಾರ ಮುಖ ನೋಡಲು ಹಿಂಜರಿದೆ? ಯಾವ ಮಾತು ಬಂದಾಗ ವಿಷಯ ಬದಲಿಸಿದೆ? ಯಾರ ಫೋನ್ ಎತ್ತಲಿಲ್ಲ? ಈ ಮೂರು ಕೇಳಿಕೊಳ್ಳಿ. ಗೆರೆ ಎಲ್ಲಿ ಉಬ್ಬಿದೆ ಎಂದು ಸಿಗುತ್ತದೆ. ಹೆಂಡತಿಯನ್ನೋ ಗಂಡನನ್ನೋ ಕೇಳಿದರೆ ಇನ್ನೂ ಬೇಗ ಸಿಗುತ್ತದೆ.

ಹಳೇ ತಪ್ಪು. ಯಾರಿಗೂ ಗೊತ್ತಿಲ್ಲ. ಈಗ ಕೆದಕುವುದು ಯಾಕೆ?

ಹಾಸನದ ಹತ್ತಿರ ಶೆಟ್ಟಿಹಳ್ಳಿಯ ರೋಸರಿ ಚರ್ಚ್ ನೋಡಿರುತ್ತೀರಿ. 1860ರ ಹೊತ್ತಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರು ಅದನ್ನು ಹಿಡಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಬುಡದವರೆಗೆ ಕಾಣುತ್ತದೆ, ಒಳಗೆ ನಡೆದು ಹೋಗಬಹುದು. ನೀರು ಮುಚ್ಚಿದಾಗ ಗೋಡೆ ಮಾಯವಾಗಲಿಲ್ಲ. ಅದರ ಬದಲು ವರ್ಷ ವರ್ಷ ನೀರಿನಲ್ಲಿ ನೆನೆದು, ಬಿಸಿಲಿನಲ್ಲಿ ಒಣಗಿ ಕುಸಿಯುತ್ತಾ ಬಂದಿದೆ.

32ನೇ ಕೀರ್ತನೆ ಬರೆದವನು ಹೇಳುವುದೂ ಇದನ್ನೇ. ಪಾಪವನ್ನು ಬಾಯಿಬಿಟ್ಟು ಹೇಳದೆ ಇದ್ದಾಗ ದಿನವೆಲ್ಲಾ ನರಳಿ ಮೂಳೆ ಸವೆಯಿತು ಅನ್ನುತ್ತಾನೆ. ಮುಚ್ಚಿಟ್ಟಿದ್ದು ಕರಗಲಿಲ್ಲ, ಮುಚ್ಚಿಟ್ಟವನೇ ಕರಗಿದ. ಆ ಹೆಂಗಸು ಮಾತಾಡಿದ ಮೇಲೆ ಎರಡು ವರ್ಷ ನಾನು ಚರ್ಚಿನಲ್ಲಿ ಪಾಠ ಓದುವುದನ್ನು ಬಿಟ್ಟೆ. ಕಣ್ಣು ಸರಿಯಿಲ್ಲ ಎಂದು ಫಾದರ್ ಹತ್ತಿರ ಸುಳ್ಳು ಹೇಳಿದೆ. ಕನ್ನಡಕ ಕೂಡ ಮಾಡಿಸಿದೆ.

ತಪ್ಪಿತಸ್ಥ ಭಾವನೆ ನನ್ನನ್ನು ಕೊಲ್ಲುತ್ತಿದೆ. ಇದೇ ಪಶ್ಚಾತ್ತಾಪವಾ?

ಅಲ್ಲ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಎರಡು ಥರದ ದುಃಖ ಇದೆ ಅನ್ನುತ್ತಾರೆ. ಒಂದು ದೇವರ ಕಡೆ ತಿರುಗಿಸುತ್ತದೆ, ಜೀವ ಕೊಡುತ್ತದೆ. ಇನ್ನೊಂದು ಸಾವಿನ ಕಡೆ ತಳ್ಳುತ್ತದೆ. ಒಂದೇ ರಾತ್ರಿ ಇಬ್ಬರು ಶಿಷ್ಯರು ಯೇಸುವಿಗೆ ಕೈಕೊಟ್ಟರು. ಯೂದ 30 ಬೆಳ್ಳಿ ನಾಣ್ಯಕ್ಕೆ ಹಿಡಿದುಕೊಟ್ಟ. ಪೇತ್ರ ಮೂರು ಸಲ ಗೊತ್ತೇ ಇಲ್ಲ ಅಂದ. ಯೂದ ಸತ್ಯ ಒಪ್ಪಿಕೊಂಡ, ನಿರಪರಾಧಿಯನ್ನು ಹಿಡಿದುಕೊಟ್ಟೆ ಅಂದ, ದುಡ್ಡನ್ನೂ ವಾಪಸ್ ತಂದ. ಆದರೆ ತಂದದ್ದು ಯಾರ ಹತ್ತಿರ? ಅವನನ್ನು ಬಳಸಿಕೊಂಡ ಮುಖ್ಯ ಯಾಜಕರ ಹತ್ತಿರ. ಅವರು 'ಅದು ನಮಗೇನು, ನೀನೇ ನೋಡಿಕೋ' ಅಂದರು. ಅಲ್ಲಿಂದ ಅವನು ಒಬ್ಬನೇ ಹೊರಗೆ ಹೋದ, ತನ್ನ ಜೀವವನ್ನು ತಾನೇ ಕಳೆದುಕೊಂಡ. ಪೇತ್ರನೂ ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ. ಆದರೆ ಜೊತೆಯವರ ನಡುವೆ ಉಳಿದ. ಮುಂದೆ ಒಂದು ಬೆಳಗ್ಗೆ ದಡದಲ್ಲಿ ಯೇಸು ಕೆಂಡದ ಮೇಲೆ ಮೀನು ಸುಡುತ್ತಾ ಕೂತಿದ್ದಾಗ ದೋಣಿಯಿಂದ ನೀರಿಗೆ ಹಾರಿ ಹತ್ತಿರ ಹೋದ. ಗೊತ್ತಿಲ್ಲ ಎಂದದ್ದು ಕೆಂಡದ ಬೆಂಕಿ ಕಾಯಿಸಿಕೊಳ್ಳುತ್ತಾ. ಈಗ ಕೆಂಡದ ಬೆಂಕಿಯ ಪಕ್ಕದಲ್ಲೇ ಮೂರು ಸಲ ಪ್ರಶ್ನೆ: ನನ್ನನ್ನು ಪ್ರೀತಿಸುತ್ತೀಯಾ?

ಸತ್ಯ ಇಬ್ಬರಿಗೂ ಗೊತ್ತಾಯಿತು. ಆ ಸತ್ಯ ಹೊತ್ತುಕೊಂಡು ಯಾರ ಹತ್ತಿರ ಹೋದರು ಎಂಬುದೇ ವ್ಯತ್ಯಾಸ.

ಸಾಯಬೇಕು ಎಂಬ ಯೋಚನೆ ಬರುತ್ತಿದ್ದರೆ, ಅದು ದೇವರ ದನಿ ಅಲ್ಲ. ಒಬ್ಬರೇ ಇರಬೇಡಿ. ಮನೆಯವರಿಗೆ ಹೇಳಿ, ಫಾದರ್‌ಗೆ ಹೇಳಿ, ಡಾಕ್ಟರ್ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹೀಗೆ ತೀರಿಕೊಂಡವರ ಮನೆಯವರು ಇದನ್ನು ಓದುತ್ತಿದ್ದರೆ, ಧರ್ಮಸಭೆ ಅವರಿಗಾಗಿಯೂ ಪ್ರಾರ್ಥಿಸುತ್ತದೆ. ದೇವರ ಕರುಣೆಗೆ ಗಡಿ ಹಾಕಲು ನಾವು ಯಾರೂ ಅಲ್ಲ.

ಬೆಳೆ ಹೋಯಿತು, ಮಗುವಿಗೆ ಕಾಯಿಲೆ. ನನ್ನ ಯಾವುದೋ ಪಾಪಕ್ಕೆ ಶಿಕ್ಷೆಯಾ?

2019ರ ಆಗಸ್ಟ್‌ನಲ್ಲಿ ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮನೆ, ತೋಟ ಕೊಚ್ಚಿಹೋದಾಗ ಈ ಮಾತನ್ನು ಬಹಳ ಜನ ಕೇಳಿದರು. ಕೆಲವರು ಪ್ರಶ್ನೆಯಾಗಿ ಕೇಳಿದರು, ಕೆಲವರು ಕಳೆದುಕೊಂಡವರ ಮುಖಕ್ಕೇ ತೀರ್ಪು ಹೇಳಿದರು.

ಸಿಲೊವಾಂನಲ್ಲಿ ಗೋಪುರ ಬಿದ್ದು 18 ಜನ ಸತ್ತಾಗ, ಅವರು ಜೆರುಸಲೇಮಿನ ಬೇರೆಲ್ಲರಿಗಿಂತ ದೊಡ್ಡ ತಪ್ಪಿತಸ್ಥರು ಎಂದುಕೊಂಡಿರಾ ಎಂದು ಯೇಸು ಕೇಳಿದರು. ಉತ್ತರವನ್ನೂ ಅವರೇ ಕೊಟ್ಟರು: ಖಂಡಿತ ಅಲ್ಲ. ನೀವು ತಿರುಗಿಕೊಳ್ಳಿ ಎಂದು ಕೇಳಿದವರಿಗೆ ಹೇಳಿದರು, ಸತ್ತವರ ಪಾಪ ಲೆಕ್ಕ ಹಾಕಲಿಲ್ಲ. ತಪ್ಪಿಲ್ಲದೆ ನರಳಿದ ಯೋಬನ ಸ್ನೇಹಿತರು ಅವನ ನೋವಿಗೆ ಅವನ ಪಾಪವೇ ಕಾರಣ ಎಂದು ಪುಟಗಟ್ಟಲೆ ವಾದ ಮಾಡಿದರು. ಕೊನೆಗೆ ದೇವರು ಸಿಟ್ಟಾದದ್ದು ಆ ಸ್ನೇಹಿತರ ಮೇಲೆ.

ಮಾಡದ ತಪ್ಪನ್ನು ಒಪ್ಪಿಕೊಳ್ಳುವುದು ವಿನಯ ಅಲ್ಲ. ಅದೂ ಒಂದು ಸುಳ್ಳು.

ಗಂಡ ಕುಡಿದು ಹೊಡೆಯುತ್ತಾನೆ. 'ನಿನ್ನ ತಪ್ಪನ್ನೂ ನೋಡಿಕೋ, ತಗ್ಗಿ ನಡೆ' ಅನ್ನುತ್ತಾರೆ ಹಿರಿಯರು. ಇದೂ ಕಹಿ ಸತ್ಯವಾ?

ಇಲ್ಲಮ್ಮ. ಇಲ್ಲಿ ಕಹಿ ಸತ್ಯ ಕೇಳಬೇಕಾದವನು ಅವನು, ನೀವಲ್ಲ. ಹೊಡೆಸಿಕೊಂಡವರನ್ನು ಮೊಣಕಾಲೂರಿಸುವುದಕ್ಕೆ ಯೇಸುವಿನ ಹೆಸರು ಬಳಸುವುದು ದೊಡ್ಡ ಪಾಪ. ಮೊದಲು ನೀವು, ಮಕ್ಕಳು ಜೋಪಾನವಾಗಿರುವ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕ್ಷಮಿಸುವ ಮಾತು ಆಮೇಲೆ, ನಿಮ್ಮ ಕಾಲದಲ್ಲಿ. ಕ್ಷಮಿಸಿದರೂ ಮತ್ತೆ ಅದೇ ಮನೆಗೆ ಹೋಗಿ ಹೊಡೆತ ತಿನ್ನಬೇಕೆಂದು ಯಾವ ಶುಭಸಂದೇಶವೂ ಹೇಳುವುದಿಲ್ಲ.

ಬೇರೆಯವರಿಗೆ ಅವರ ತಪ್ಪು ಹೇಳುವುದು ಹೇಗೆ?

ಒಬ್ಬರೇ ಇದ್ದಾಗ ಹೇಳಿ. ಮತ್ತಾಯರ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಮೊದಲ ಹೆಜ್ಜೆ ಇದೇ. ವಾಟ್ಸಾಪ್ ಗುಂಪಿನಲ್ಲಿ ಬೇಡ, ಚರ್ಚಿನ ಪ್ರಸಂಗದಲ್ಲಿ ಚುಚ್ಚುವುದೂ ಬೇಡ.

ನಾತಾನ ದಾವೀದನ ಬಳಿ ಬೈಯುತ್ತಾ ಬರಲಿಲ್ಲ. ಒಂದೇ ಒಂದು ಹೆಣ್ಣು ಕುರಿಮರಿ ಇದ್ದ ಬಡವನ ಕಥೆ ಹೇಳಿದ. ಮಗಳ ಹಾಗೆ ಸಾಕಿದ್ದ ಆ ಮರಿಯನ್ನು ಶ್ರೀಮಂತ ಕಿತ್ತುಕೊಂಡು ನೆಂಟನಿಗೆ ಅಡಿಗೆ ಮಾಡಿಸಿದ ಅಂದ. ಕುರಿ ಕಾಯ್ದು ಬೆಳೆದ ದಾವೀದನಿಗೆ ಆ ಕಥೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಸತ್ಯವನ್ನು ಕೇಳುವವನ ಕೈಗೆ ಎಟುಕುವ ಹಾಗೆ ಇಡುವುದು ಪ್ರೀತಿಯ ಕೆಲಸ.

ಅದಕ್ಕೂ ಮೊದಲು ನಮ್ಮ ಎಲೆ ನೋಡಿಕೊಳ್ಳಬೇಕು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯಲ್ಲಿ ನೊಣ ಹುಡುಕಿದ ಎಂದು ನಮ್ಮಲ್ಲಿ ಹೇಳುತ್ತಾರೆ. ಕಣ್ಣಿನಲ್ಲಿರುವ ತೊಲೆ ಮತ್ತು ಧೂಳಿನ ಬಗ್ಗೆ ಯೇಸು ಹೇಳಿದ್ದೂ ಅದೇ.

ದೇವರು ಕ್ಷಮಿಸಿದ ಮೇಲೆ ದುಡ್ಡು ಹಿಂದಕ್ಕೆ ಕೊಡಬೇಕಾ?

ಕೊಡಬೇಕು. ನಾನು ಪಾಪನಿವೇದನೆಗೆ, ಅಂದರೆ ಗುರುಗಳ (ಫಾದರ್) ಮುಂದೆ ಪಾಪ ಹೇಳಿಕೊಳ್ಳಲು, ಹೋದಾಗ 'ಕಳ್ಳತನ ಮಾಡಿದ್ದೇನೆ' ಎಂದಷ್ಟೇ ಹೇಳಿ ಮುಗಿಸಬೇಕೆಂದಿದ್ದೆ. ಗುರುಗಳು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: 'ಆ ದುಡ್ಡು ಈಗ ಯಾರ ಹತ್ತಿರ ಇದೆ?'

ಜಕ್ಕಾಯ ಸುಂಕದವರ ಮುಖ್ಯಸ್ಥ. ಯೇಸು ಅವನ ಮನೆಗೆ ಹೋದರು ಅಷ್ಟೇ, ಲೆಕ್ಕ ಕೇಳಲಿಲ್ಲ. ಅವನೇ ಎದ್ದು ನಿಂತು ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದವರಿಗೆ ನಾಲ್ಕು ಪಟ್ಟು ಅಂದ. ಪ್ರೀತಿ ಮೊದಲು ಬಂತು, ಲೆಕ್ಕ ಆಮೇಲೆ ಬಂತು. ಆದರೆ ಲೆಕ್ಕ ಬಂತು, ಅದನ್ನು ಮರೆಯಬಾರದು.

ನಾನು ಹಳೆಯ ತೂಕದ ಪುಸ್ತಕದ ಲೆಕ್ಕ ನೆನಪಿಸಿಕೊಂಡು ಒಂದು ನೋಟ್ ಬುಕ್ಕಿನಲ್ಲಿ ಹೆಸರು ಬರೆದೆ. ತೋಟದ ಯಜಮಾನರಿಗೆ ಹೇಳಿದೆ. ಕೆಲಸ ಹೋಯಿತು. ಸರಿಯಾಗಿಯೇ ಹೋಯಿತು. ಸಿಕ್ಕಿದವರ ಲೈನ್ ಮನೆಗೆ (ತೋಟದ ಆಳುಗಳ ಸಾಲುಮನೆ) ಹೋಗಿ ಕೊಟ್ಟೆ. ಕೆಲವರು ಊರು ಬಿಟ್ಟಿದ್ದರು, ಅವರ ಪಾಲನ್ನು ಬಡವರ ಕೆಲಸಕ್ಕೆ ಗುರುಗಳ ಕೈಗೆ ಕೊಟ್ಟೆ. ಆ ವಯಸ್ಸಾದ ಹೆಂಗಸಿಗೆ ಜಕ್ಕಾಯನನ್ನು ನೆನೆದು ಜಾಸ್ತಿ ತಗೊಂಡು ಹೋಗಿದ್ದೆ. ಅವಳು ಬಾಗಿಲಲ್ಲಿ ಕೂತು ನೋಟು ಎಣಿಸಿದಳು. ತನ್ನ ಲೆಕ್ಕದಷ್ಟು ಸೆರಗಿಗೆ ಕಟ್ಟಿಕೊಂಡಳು. ಉಳಿದದ್ದನ್ನು ನನ್ನ ಕೈಗೆ ಇಟ್ಟಳು. 'ಇದು ನಂದಲ್ಲ ರೈಟ್ರೇ.' ಎರಡು ಕೊಯ್ಲಿನ ತೂಕ ಅವಳಿಗೆ ಕಿಲೋ ಕಿಲೋ ನೆನಪಿತ್ತು.

ಕ್ಷಮೆ ಕೇಳಿದರೂ ಅವರು ಕ್ಷಮಿಸದಿದ್ದರೆ?

ಅದು ಅವರ ಹಕ್ಕು. ಅವಳೂ 'ಕ್ಷಮಿಸಿದೆ' ಅನ್ನಲಿಲ್ಲ. 'ಆಯ್ತು, ಹೋಗಿ ಬನ್ನಿ' ಅಂದಳು. ನನಗೆ ಇನ್ನೊಂದು ಮಾತು ಬೇಕಿತ್ತು. ಆದರೆ ಕ್ಷಮೆ ಕೇಳುವುದು ಸಾಲ ತೀರಿಸಿದ ರಸೀದಿ ಕೇಳುವುದಲ್ಲ. ಅವರ ಬಾಗಿಲಿಗೆ ಮತ್ತೆ ಮತ್ತೆ ಹೋಗಿ ಒತ್ತಾಯ ಮಾಡಬೇಡಿ.

ಅದೇ ತಪ್ಪು ಮತ್ತೆ ಮತ್ತೆ ಆಗುತ್ತದೆ. ನನ್ನದು ಸುಳ್ಳು ಪಶ್ಚಾತ್ತಾಪವಾ?

ಬೀಳುವುದು ಬೇರೆ, ಬೀಳುವ ಜಾಗಕ್ಕೆ ನಡೆದು ಹೋಗುವುದು ಬೇರೆ. ಕುಡಿತ ಬಿಡುವವರು ಮನೆಗೆ ಬೇರೆ ದಾರಿ ಹಿಡಿಯಬೇಕು. ಅಷ್ಟು ಮಾಡಿಯೂ ಬಿದ್ದರೆ ಎದ್ದು ಬನ್ನಿ. ಏಳು ಸಲವಲ್ಲ, ಏಳೆಪ್ಪತ್ತು ಸಲ ಕ್ಷಮಿಸು ಎಂದು ಪೇತ್ರನಿಗೆ ಹೇಳಿದವರು ತಾವು ಅದಕ್ಕಿಂತ ಕಡಿಮೆ ಕ್ಷಮಿಸುತ್ತಾರಾ?

ದೇವರಿಗೆ ನೇರ ಹೇಳಬಹುದಲ್ಲ, ಫಾದರ್ ಯಾಕೆ? ಅವರು ಬೇರೆಯವರಿಗೆ ಹೇಳಿದರೆ?

ದೇವರಿಗೆ ನೇರವಾಗಿ ಹೇಳಲೇಬೇಕು, ದಿನಾ ಹೇಳಬೇಕು. ಆದರೆ ಒಬ್ಬ ಮನುಷ್ಯನ ಕಿವಿಗೆ ಬೀಳುವಂತೆ ಬಾಯಿಬಿಟ್ಟು ಹೇಳಿದಾಗ 'ಆದರೆ'ಗೆ ಬಚ್ಚಿಟ್ಟುಕೊಳ್ಳಲು ಜಾಗ ಇರುವುದಿಲ್ಲ. ಕ್ಷಮೆಯ ಮಾತೂ ನಮ್ಮ ಕಿವಿಗೆ ಬೀಳುತ್ತದೆ. ಮನಸ್ಸಿನಲ್ಲೇ ಕೇಳಿ ಮನಸ್ಸಿನಲ್ಲೇ ಉತ್ತರ ಕೊಟ್ಟುಕೊಂಡಾಗ ಆ ಸಮಾಧಾನ ನನಗೆ ಸಿಕ್ಕಿರಲಿಲ್ಲ.

ಗುಟ್ಟಿನ ಬಗ್ಗೆ ಹೆದರಬೇಡಿ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಬೇಕೆಂದೇ ಬಯಲು ಮಾಡಿದರೆ ಅವರಿಗೆ ಧರ್ಮಸಭೆಯ ಅತ್ಯಂತ ಕಠಿಣ ಶಿಕ್ಷೆ, ಬಹಿಷ್ಕಾರ. ಕಥೋಲಿಕರು ವರ್ಷಕ್ಕೊಮ್ಮೆಯಾದರೂ ಗಂಭೀರ ಪಾಪಗಳನ್ನು ನಿವೇದಿಸಬೇಕು ಎಂಬ ನಿಯಮ 1215ರ ಲ್ಯಾಟರನ್ ಮಹಾಸಭೆಯಿಂದ ಬಂದದ್ದು.

ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್) ಸಭೆಯವರು. ನಮಗೆ ಇದು ಅನ್ವಯಿಸುತ್ತದಾ?

ನಿಮ್ಮಲ್ಲಿ ಗುರುಗಳ ಕಿವಿಗೆ ಹೇಳುವ ಕಡ್ಡಾಯ ಇಲ್ಲ, ಪ್ರಭುಭೋಜನದ ಆರಾಧನೆಯಲ್ಲಿ ಎಲ್ಲರೂ ಸೇರಿ ಅರಿಕೆ ಮಾಡುತ್ತೀರಿ. 1517ರಲ್ಲಿ ಮಾರ್ಟಿನ್ ಲೂಥರ್ ಬರೆದ 95 ವಾದಗಳಲ್ಲಿ ಮೊದಲನೆಯದೇ, ನಂಬಿದವರ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕು ಎಂಬುದು. ನಿಮ್ಮ ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ ಎಂದು ಯಕೋಬರ ಪತ್ರದಲ್ಲೂ ಇದೆ. ನಂಬಿಕೆಯ ಒಬ್ಬ ಹಿರಿಯರನ್ನೋ ಪಾಸ್ಟರ್ ಅವರನ್ನೋ ಹುಡುಕಿಕೊಳ್ಳಿ.

ಬರೀ ನಮಗೆ ಹೇಳುತ್ತೀರಿ. ಧರ್ಮಸಭೆ ತನ್ನ ಕಹಿ ಸತ್ಯ ಒಪ್ಪಿಕೊಳ್ಳುತ್ತದಾ?

ಸರಿಯಾದ ಪ್ರಶ್ನೆ. 2000ದ ಮಾರ್ಚ್ 12ರಂದು ಪೋಪ್ ಎರಡನೇ ಜಾನ್ ಪಾಲ್ ರೋಮಿನಲ್ಲಿ, ಸಂತ ಪೇತ್ರರ ಮಹಾದೇವಾಲಯದಲ್ಲಿ, ಧರ್ಮಸಭೆಯ ಮಕ್ಕಳು ಶತಮಾನಗಳಲ್ಲಿ ಮಾಡಿದ ಪಾಪಗಳಿಗಾಗಿ ಎಲ್ಲರ ಮುಂದೆ ದೇವರ ಕ್ಷಮೆ ಬೇಡಿದರು. ಯೆಹೂದ್ಯರ ವಿರುದ್ಧ, ಹೆಂಗಸರ ವಿರುದ್ಧ, ಸತ್ಯದ ಹೆಸರಿನಲ್ಲಿ ಮಾಡಿದ ಹಿಂಸೆ ಎಲ್ಲವೂ ಅದರಲ್ಲಿತ್ತು. ಅದು ಸಾಕಾಯಿತು ಎಂದು ನಾನು ಹೇಳುತ್ತಿಲ್ಲ. ಶುರು ಮಾತ್ರ.

ನಮ್ಮ ಮನೆಯ ಮಾತಿಗೆ ಬರೋಣ. ದೀಕ್ಷಾಸ್ನಾನ ಆದ ಮೇಲೆ ಜಾತಿ ಇಲ್ಲ ಎಂದು ಮಕ್ಕಳಿಗೆ ಕಲಿಸುತ್ತೇನೆ. ಅದೇ ಮಕ್ಕಳು ದೊಡ್ಡವರಾಗಿ ಮದುವೆಯ ಮಾತು ಬಂದಾಗ ಅಪ್ಪ ಅಮ್ಮ ಮೊದಲು ಕೇಳುವುದು 'ಅವರು ಯಾವ ಪೈಕಿ?' ಬಲಿಪೂಜೆಯಲ್ಲಿ ಒಂದೇ ಪರಮಪ್ರಸಾದದ ರೊಟ್ಟಿ ತಿಂದವರು ಇನ್ನೊಬ್ಬರ ಮನೆಯಲ್ಲಿ ಕಾಫಿ ಕುಡಿಯಲು ಹಿಂದೆ ಮುಂದೆ ನೋಡುತ್ತಾರೆ. ಇದನ್ನು ಸಂಪ್ರದಾಯ ಎಂದು ಕರೆದು ಸಮಾಧಾನ ಮಾಡಿಕೊಂಡಿದ್ದೇವೆ. ಇದು ಪಾಪ. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಎಲ್ಲರ ಹಣೆಗೂ ಒಂದೇ ಬೂದಿ ಹಚ್ಚುತ್ತಾರೆ, ನೀನು ಮಣ್ಣು, ಮಣ್ಣಿಗೇ ಮರಳುವೆ ಅನ್ನುತ್ತಾರೆ. ಯಾವ ಪೈಕಿಯ ಮಣ್ಣು ಎಂದು ಕೇಳುವುದಿಲ್ಲ.

ನಾನು ಕ್ರೈಸ್ತನಲ್ಲ. ಇದನ್ನು ಓದಬಹುದಾ?

ಖಂಡಿತ. ಆ ಹೆಂಗಸೂ ಕ್ರೈಸ್ತಳಲ್ಲ. ದೇವರು ನನ್ನ ಬಳಿಗೆ ನಾತಾನನನ್ನು ಕಳಿಸಿದ್ದು ಅವಳ ರೂಪದಲ್ಲಿ.

ಪಾಪನಿವೇದನೆಗೆ ಹೋಗಿ ಇಪ್ಪತ್ತು ವರ್ಷ ಆಯಿತು. ತಪಸ್ಸುಕಾಲವೂ ಮುಗಿಯಿತು. ಪ್ರಾರ್ಥನೆ ಮರೆತುಹೋಗಿದೆ. ಈಗ ಹೋಗಬಹುದಾ?

ಯಾವಾಗ ಬೇಕಾದರೂ ಹೋಗಬಹುದು. ಭಾನುವಾರ ಪೂಜೆಗೆ ಮುಂಚೆ ಗಡಿಬಿಡಿ ಇರುತ್ತದೆ. ವಾರದ ದಿನ ಸಂಜೆ ಹೋಗಿ, ಮೊದಲೇ ಫೋನ್ ಮಾಡಿದರೆ ಒಳ್ಳೆಯದು. ನಿಮ್ಮ ಚರ್ಚಿನಲ್ಲಿ ಗುರುತು ಹಿಡಿಯುತ್ತಾರೆಂಬ ಸಂಕೋಚ ಇದ್ದರೆ ಬೇರೆ ಊರಿಗೆ ಹೋಗಿ, ತಪ್ಪೇನಿಲ್ಲ. ಮರೆಯುವ ಭಯ ಇದ್ದರೆ ಚೀಟಿಯಲ್ಲಿ ಬರೆದುಕೊಳ್ಳಿ, ಆಮೇಲೆ ಹರಿದು ಹಾಕಿ.

ಮೊಣಕಾಲೂರಿ, ಅಥವಾ ಮಂಡಿ ನೋವಿದ್ದರೆ ಕುರ್ಚಿಯಲ್ಲಿ ಕೂತು, ಇಷ್ಟು ಹೇಳಿ: 'ಫಾದರ್, ಇಪ್ಪತ್ತು ವರ್ಷ ಆಯ್ತು. ಹೇಗೆ ಶುರು ಮಾಡಬೇಕು ಅಂತ ಗೊತ್ತಿಲ್ಲ.' ಮುಂದಿನದನ್ನು ಅವರೇ ಒಂದೊಂದಾಗಿ ಕೇಳುತ್ತಾರೆ.